ದೋಣಿಯಿಂದ ಗ್ಯಾಸು ಮೊಗೆದದ್ದು

ಗುಳ್ಳೆ ಇಲ್ಲ, ಒಂದೇ ಒಂದು ಗುಳ್ಳೆಯೂ ಇಲ್ಲ, ಪೈಪಿನ ಕೊರಳಿಗೆ ಹಚ್ಚಿದ ಸೋಪಿನ ನೊರೆ ಕೂತಲ್ಲೇ ಒಣಗುತ್ತಿದೆ, ಹತ್ತು ನಿಮಿಷದ ಹಿಂದೆ ಇದೇ ಜಾಗದಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯುತ್ತಿದ್ದವು, ಕ್ಲಿಪ್ಪು ಬಿಗಿ ಮಾಡಿದ ಮೇಲೆ ನಿಂತವು, ಆಮೇಲೆ ರೆಗ್ಯುಲೇಟರನ್ನೂ ಬಿಚ್ಚಿ ಸಿಲಿಂಡರಿನ ಬಾಯಿಗೆ ಮುಚ್ಚಳ ಒತ್ತಿಯಾಯಿತು — ಆದರೂ ವಾಸನೆ ಹೋಗಿಲ್ಲ. ಸಿದ್ದೇಶ ಮಂಡಿಯೂರಿ ಕೂತಿದ್ದಾನೆ, ತಲೆ ಎತ್ತಿದರೆ ದೋಣಿಯ ಚಾವಣಿ ಬಡಿಯುತ್ತದೆ, ಬೆಳಗಿನಿಂದ ಮೂರು ಸಲ ಬಡಿದಿದೆ, ಹೊಳೆನರಸೀಪುರದಲ್ಲಿ ಇಪ್ಪತ್ತೆಂಟು ವರ್ಷ ಗ್ಯಾಸ್ ಒಲೆ ಕೂರಿಸಿದವನು ಅವನು, ಮದುವೆ ಛತ್ರ, ಹೋಟೆಲು, ಹಾಸ್ಟೆಲು, ಒಂದು ಸಲ ಸರ್ಕಸ್ಸಿನವರ ಡೇರೆಗೂ ಕೂರಿಸಿದ್ದಾನೆ, ಎಲ್ಲೂ ನೆಲ ಹೀಗೆ ಕಾಲಡಿಯಲ್ಲಿ ಎದ್ದು ಇಳಿದದ್ದಿಲ್ಲ, ಇಟ್ಟ ಸ್ಪ್ಯಾನರು ಇಟ್ಟಲ್ಲಿ ಇರುವುದಿಲ್ಲ, ಉರುಳಿ ಉರುಳಿ ಯಾವುದೋ ಸಂದಿಗೆ ಹೋಗಿ ಕೂರುತ್ತದೆ, ಅದನ್ನು ಹುಡುಕಲು ಬಗ್ಗಿ ಎದ್ದರೆ ಮತ್ತೆ ಚಾವಣಿ. ನೇವಿಯಿಂದ ರಿಟೈರಾಗಿ ಬಂದ ರವೀಂದ್ರ ಅರಕಲಗೂಡಿನ ತನ್ನ ತಂಬಾಕು ಬೇಯಿಸುವ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲಿ ನಾಲ್ಕು ವರ್ಷ ಕಟ್ಟಿದ ಹಾಯಿದೋಣಿ ಇದು, ಮೊನ್ನೆ ಲಾರಿಯ ಮೇಲೆ ತಂದು ಹೇಮಾವತಿಯ ಹಿನ್ನೀರಿಗೆ ಇಳಿಸಿದರು, ನಿನ್ನೆ ಸಂಜೆ ಸಿದ್ದೇಶನೇ ಬಂದು ಸಿಲಿಂಡರ್ ಜೋಡಿಸಿ ಹೋದ, ಇವತ್ತು ಹತ್ತೂವರೆಯ ಮುಹೂರ್ತಕ್ಕೆ ಒಲೆ ಹೊತ್ತಿಸಿ ಹಾಲು ಉಕ್ಕಿಸಬೇಕು, ಆಮೇಲೆ ಅಕ್ಕ ತಮ್ಮ ನಾಲ್ಕು ದಿನ ನೀರಿನ ಮೇಲೆ ಹೋಗಬೇಕು. ಲಾರಿ ಆ ಹಳ್ಳದ ದಾರಿಯಲ್ಲಿ ಕುಲುಕಿದ್ದಕ್ಕೇ ಕ್ಲಿಪ್ಪು ಸಡಿಲವಾಗಿದ್ದು, ಜೋಡಿಸುವಾಗ ನೋಡಬೇಕಿತ್ತು, ಕತ್ತಲಾಗುತ್ತಿತ್ತು, ನೋಡಲಿಲ್ಲ. ಏನಪ್ಪಾ ಸಿದ್ದೇಶ, ಆಯ್ತಾ, ಒತ್ತು ಮೀರ್ತಾ ಐತೆ ಕಣಪ್ಪ, ಅಂತ ಮೆಟ್ಟಿಲ ಮೇಲಿಂದ ಅನಸೂಯಮ್ಮನ ದನಿ, ರವೀಂದ್ರನ ಅಕ್ಕ, ಅವರ ಮಡಿಲಲ್ಲಿ ಹಾಲಿನ ಪಾತ್ರೆ, ಪಕ್ಕದಲ್ಲಿ ಎಣ್ಣೆ ಹಾಕಿದ ದೀಪ, ಕೈಯಲ್ಲಿ ಬೆಂಕಿಪೆಟ್ಟಿಗೆ. ಇನ್ನೊಂದು ಚೂರು ಅಕ್ಕಾವ್ರೇ, ಅಂದ ಸಿದ್ದೇಶ, ಅಂದ ಮೇಲೆ ಆ ಬೆಂಕಿಪೆಟ್ಟಿಗೆಯನ್ನೇ ನೋಡುತ್ತ ಕೂತ.

ಸೋರುವುದು ನಿಂತ ಮೇಲೆ ವಾಸನೆ ಎಲ್ಲಿಂದ ಬರಬೇಕು, ಅದೂ ಮುಖದ ಹತ್ತಿರ ಇಲ್ಲ, ಬಗ್ಗಿದರೆ ಇದೆ, ಎದ್ದರೆ ಇಲ್ಲ — ಎಲ್ಲ ಆ ಮೂಲೆಯಿಂದ ಆದದ್ದು, ಆಗ್ನೇಯ ಮೂಲೆ, ಹದಿನೈದು ದಿನದ ಹಿಂದೆ ಶೆಡ್ಡಿನಲ್ಲಿ ದೋಣಿ ಮರದ ದಿಮ್ಮಿಗಳ ಮೇಲೆ ಮೂಗು ಪೂರ್ವಕ್ಕೆ ಮಾಡಿ ಅಲ್ಲಾಡದೆ ನಿಂತಿತ್ತು, ರವೀಂದ್ರ ತನ್ನ ನಕ್ಷೆ ಬಿಡಿಸಿ ತೋರಿಸುತ್ತಿದ್ದ, ಸಿಲಿಂಡರಿಗೆ ದೋಣಿಯ ಹಿಂದಿನ ತುದಿಯಲ್ಲಿ ಬಲಕ್ಕೆ, ಹೊರಗಡೆ, ಬೇರೆಯೇ ಪೆಟ್ಟಿಗೆ, ಮೇಲೆ ಮುಚ್ಚಳ, ತಳದಲ್ಲಿ ನೀರಿನ ಕಡೆಗೆ ತೆರೆಯುವ ಒಂದು ತೂತು. ಅನಸೂಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಸೂರ್ಯನ ಕಡೆ ಒಂದು ಸಲ, ಪೆಟ್ಟಿಗೆಯ ಕಡೆ ಒಂದು ಸಲ ನೋಡಿದರು, ಅದು ನೈರುತ್ಯ ಕಣ್ಲಾ ರವಿ, ಅಲ್ಲಿ ಯಾರಾದ್ರೂ ಬೆಂಕಿ ಇಕ್ತಾರಾ. ಅಕ್ಕಾ, ಇದು ಮನೆ ಅಲ್ಲ, ದೋಣಿ. ಒಲೆ ಇಕ್ಕಿದ ಮ್ಯಾಕೆ ಮನೇನೆ ಕಣ್ಲಾ, ನಾನೇನು ನಿನ್ನ ಹಾಯಿ ಯಾವ ಕಡಿಗೆ ಕಟ್ಟು ಅಂತ ಹೇಳ್ದ್ನಾ. ರವೀಂದ್ರ ಸಿದ್ದೇಶನ ಮುಖ ನೋಡಿದ, ನೀನಾದರೂ ಹೇಳು ಅನ್ನುವಂತೆ ನೋಡಿದ, ಆಗ ಹೇಳಬಹುದಿತ್ತು, ಒಂದು ಮಾತು ಸಾಕಿತ್ತು, ಆದರೆ ಇಪ್ಪತ್ತೆಂಟು ವರ್ಷದಲ್ಲಿ ಒಂದು ಮನೆಯಲ್ಲೂ ಹಿರಿಯ ಹೆಂಗಸು ತೋರಿಸಿದ ಮೂಲೆ ಬಿಟ್ಟು ಸಿದ್ದೇಶ ಒಲೆ ಕೂರಿಸಿಲ್ಲ, ಅರ್ಧ ಕೆಲಸ ಸ್ಪ್ಯಾನರಿನದು, ಇನ್ನರ್ಧ ಅವರ ಮನಸ್ಸನ್ನು ಒಪ್ಪಿಸುವುದು, ಹಾಗೆ ಮಾಡಿಯೇ ಅವನಿಗೆ ಊರೂರಿನಲ್ಲಿ ಹೆಸರು ಬಂದದ್ದು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಳಗೆ ಬಲಗಡೆಯ ಮುಂದಿನ ಮೂಲೆಯಲ್ಲಿ, ಒಲೆಕಟ್ಟೆಯ ಕೆಳಗೆ, ದುಂಡಗೆ ಗುರುತು ಹಾಕಿದ್ದು ತಾನೇ. ಸಿದ್ದೇಶಣ್ಣ, ಆ ತೂತು ಯಾಕಿಟ್ಟಿದ್ದೆ ಅಂದ್ರೆ, ಅಂತ ರವೀಂದ್ರ ಬಾಯಿ ತೆರೆದಿದ್ದ, ಮಳೆನೀರು ಓಗಾಕೆ ತಾನೇ, ಗೊತ್ತು ಬಿಡಿ ಸಾ, ಅಂತ ಅವನ ಬಾಯಿ ಮುಚ್ಚಿಸಿದ್ದೂ ತಾನೇ. ಹೋಗ್ಲಿ, ಅಕ್ಕ ಅಷ್ಟು ಹೇಳ್ತಾ ಇದಾಳೆ, ಹುಷಾರಾಗಿ ಬಳಸಿದ್ರೆ ಆಯ್ತು, ಅಂತ ಅವನೂ ನಕ್ಷೆ ಮಡಚಿದ. ಈಗ ನೋಡಿದರೆ ದೋಣಿ ದಡದಿಂದ ದೂರ, ಪಕ್ಕಕ್ಕೊಂದು ತೆಪ್ಪ ಕಟ್ಟಿಕೊಂಡು, ಒಂದೇ ಹಗ್ಗದಲ್ಲಿ ನಿಂತು ಗಾಳಿ ತಿರುಗಿದ ಕಡೆ ತಿರುಗುತ್ತಿದೆ, ಎಂಟು ಗಂಟೆಗೆ ಆಗ್ನೇಯದಲ್ಲಿದ್ದ ಒಲೆ ಒಂಬತ್ತಕ್ಕೆ ಉತ್ತರದಲ್ಲಿತ್ತು, ಈಗ ಕಿಂಡಿಯಿಂದ ಬಂದ ಬಿಸಿಲು ಒಲೆಕಟ್ಟೆ ಬಿಟ್ಟು ಎದುರಿನ ಹಲಗೆಯ ಮೇಲೆ ಬಿದ್ದಿದೆ, ಯಾವ ಮೂಲೆಗೋಸ್ಕರ ಇಷ್ಟೆಲ್ಲ ಆಯಿತೋ ಆ ಮೂಲೆ ಒಂದು ಗಳಿಗೆ ನಿಂತಲ್ಲಿ ನಿಲ್ಲುವುದಿಲ್ಲ, ಅನಸೂಯಮ್ಮ ಅದನ್ನು ಗಮನಿಸಿಲ್ಲ ಅಥವಾ ಗಮನಿಸಿಯೂ ಸುಮ್ಮನಿದ್ದಾರೆ, ಯಾರಿಗೆ ಗೊತ್ತು.

ಕಾಲಡಿಯ ಹಲಗೆಯ ಉಂಗುರಕ್ಕೆ ಬೆರಳು ಹಾಕಿ ಮೆಲ್ಲಗೆ ಎತ್ತಿದ, ಎತ್ತಿದ್ದೇ ತಡ ವಾಸನೆ ಮುಖಕ್ಕೆ ಹೊಡೆಯಿತು, ಕೊಳೆತ ಮೂಲಂಗಿಯಂಥ ವಾಸನೆ, ಕೆಳಗೆ ದೋಣಿಯ ಹೊಟ್ಟೆ, ತೊಟ್ಟಿಲ ತಳದ ಹಾಗೆ ಇಳಿಜಾರಾಗಿ ಕತ್ತಲೆಯೊಳಕ್ಕೆ ಹೋಗಿದೆ, ಖಾಲಿ, ಕಣ್ಣಿಗೆ ಪೂರಾ ಖಾಲಿ. ಲಕ್ಕಮ್ಮನ ಕಾಲು ನೆನಪಿಗೆ ಬಂತು. ಚನ್ನರಾಯಪಟ್ಟಣದ ಲಕ್ಕಮ್ಮ, ಹೊಸ ಮನೆ, ಅಡುಗೆಮನೆಯ ಹೊಸ್ತಿಲು ಒಂದು ಗೇಣು ಎತ್ತರ, ಗ್ಯಾಸು ಸೋರಿದ್ದು ತಿಳಿದು ಕಿಟಕಿಗಳನ್ನೆಲ್ಲ ತೆರೆದು ಕಾದಿದ್ದರು, ವಾಸನೆ ಹೋಯಿತು ಅಂದುಕೊಂಡು ಕಡ್ಡಿ ಗೀರಿದರು, ಬೆಂಕಿ ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಹರಿಯಿತಂತೆ, ಮುಖಕ್ಕೆ ಏನೂ ಆಗಲಿಲ್ಲ, ಎರಡೂ ಕಾಲು ಮೀನಖಂಡದವರೆಗೆ ಸುಟ್ಟುಹೋದವು, ಆಸ್ಪತ್ರೆಯಲ್ಲಿ ಆ ಬಿಳಿಯ ಬಟ್ಟೆ ಸುತ್ತಿದ ಕಾಲು ನೋಡಿ ಬಂದ ದಿನದಿಂದ ಸಿದ್ದೇಶ ಹೋದ ಹೋದ ಮನೆಯಲ್ಲಿ ಹೇಳುತ್ತಾನೆ, ಗ್ಯಾಸು ಹೊಗೆ ಅಲ್ಲ ಕಣವ್ವಾ, ಮ್ಯಾಕೆ ಓಗಾಕಿಲ್ಲ, ನೀರಿನಂಗೆ ತಗ್ಗು ಹುಡುಕ್ತದೆ, ಕಿಟಕಿ ಅಲ್ಲ, ಬಾಗಿಲು ತೆಗೀರಿ. ಎಲ್ಲರಿಗೂ ಹೇಳಿದವನು ಇಲ್ಲಿ ಮರೆತ, ಮರೆತದ್ದೂ ಅಲ್ಲ, ಇದನ್ನು ಮನೆ ಅಂತಲೇ ನೋಡಿದ, ಆ ಹೆಂಗಸಿನ ಕಣ್ಣಿನಿಂದ ನೋಡಿದ, ಇಲ್ಲಿ ತೆಗೆಯುವುದಕ್ಕೆ ಬಾಗಿಲೆಲ್ಲಿದೆ, ಇದು ಸುತ್ತಲೂ ಹೊಸ್ತಿಲೇ, ಎದೆಯೆತ್ತರದ ಹೊಸ್ತಿಲು, ಹೊರಗಿನ ಒಂದು ಹನಿ ಒಳಗೆ ಬರಬಾರದು ಅಂತ ರವೀಂದ್ರ ನಾಲ್ಕು ವರ್ಷ ಉಜ್ಜಿ ಬಳಿದು ಮುಚ್ಚಿದ ದೋಣಿ, ಒಳಗಿನದು ಒಂದು ಹನಿ ಹೊರಗೆ ಹೋಗದು. ರಾತ್ರಿಯೆಲ್ಲ ಸೋರಿದ್ದು ಇಲ್ಲೇ ನಿಂತಿದೆ. ಆ ತೂತು ಮಳೆನೀರಿಗಲ್ಲ, ಇದಕ್ಕೆ.

ಅಕ್ಕಾವ್ರೇ, ಆ ಬೆಂಕಿಪೆಟ್ಟಿಗೆ ಇಲ್ಲಿ ಕೊಡಿ, ಅಂದ, ದನಿ ಗಟ್ಟಿಯಾಗಲಿಲ್ಲ, ಗಟ್ಟಿ ಮಾಡಿದರೆ ಅವರು ಬೆಚ್ಚಿಬಿಟ್ಟಾರು ಅಂತ ಭಯ. ಯಾಕಪ್ಪಾ, ದೀಪ ಹಚ್ಚೋದು ಬ್ಯಾಡ್ವಾ. ಬ್ಯಾಡಿ. ಒಲೆ ಒತ್ತಿಸೋ ದಿನ ಬೆಂಕಿ ಬ್ಯಾಡ ಅಂತೀಯಲ್ಲೋ, ಇದೇನು ಅಪಶಕುನ ನಿನ್ನ ಬಾಯಲ್ಲಿ. ಮೇಲೆ ನಿಂತಿದ್ದ ರವೀಂದ್ರ ಬಗ್ಗಿ ಮೂಸಿ ನೋಡಿದ, ಮುಖ ಬಿಳಿಚಿತು, ತಾಳಿ, ಫ್ಯಾನು ಹಾಕ್ತೀನಿ, ಅಂತ ಸ್ವಿಚ್ಚಿನ ಕಡೆ ಕೈ ಚಾಚಿದ, ಎಲ್ಲರೂ ಮಾಡುವುದು ಇದನ್ನೇ, ಓದಿದವರೂ ಇದನ್ನೇ, ಸಿದ್ದೇಶ ಅವನ ಮಣಿಕಟ್ಟು ಹಿಡಿದುಬಿಟ್ಟ, ಸಾ, ಮುಟ್ಟಬೇಡಿ, ಯಾವ ಸ್ವಿಚ್ಚೂ ಮುಟ್ಟಬೇಡಿ, ಫೋನು ಮುಟ್ಟಬೇಡಿ, ಅಕ್ಕನ್ನ ತೆಪ್ಪಕ್ಕೆ ಇಳಿಸ್ಕೊಂಡು ದಡಕ್ಕೋಗಿ. ಮೂರ್ತ, ಅಂದರು ಅನಸೂಯಮ್ಮ. ಮೂರ್ತ ಓಗ್ಲಿ ಅಕ್ಕಾವ್ರೇ, ತಪ್ಪು ನಂದು, ಸಿಲಿಂಡರ್ ಒಳಕ್ಕೆ ಇಡಬಾರದಿತ್ತು, ನೀವು ಹೇಳಿದ್ರಿ ಅಂತ ಗುರುತು ಹಾಕ್ದೆ, ನಿಮಗೆ ಗೊತ್ತಿಲ್ಲ, ನಂಗೆ ಗೊತ್ತಿರಬೇಕಿತ್ತು. ಅವರು ಬೆಂಕಿಪೆಟ್ಟಿಗೆಯನ್ನು ಅವನ ಕೈಗೆ ಕೊಡಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಾಲಿನ ಪಾತ್ರೆ ತುಳುಕದಂತೆ ಹಿಡಿದು ತೆಪ್ಪಕ್ಕೆ ಇಳಿದರು, ಹಾಗೆ ಇಳಿಯುವಾಗ ಆ ಮುಖದಲ್ಲಿದ್ದದ್ದು ಕೋಪವೋ ಅಳುವೋ ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಪ್ಲಾಸ್ಟಿಕ್ ಬಕೀಟು ಇತ್ತು, ಹಸಿರು ಬಣ್ಣದ್ದು, ಪಾತ್ರೆ ತೊಳೆಯಲು ತಂದದ್ದು. ನೀರಿನ ಹಾಗೆ ನಿಲ್ಲುವುದನ್ನು ನೀರಿನ ಹಾಗೇ ಮೊಗೆಯಬೇಕು, ಹಲಗೆಗಳನ್ನೆಲ್ಲ ಎತ್ತಿಟ್ಟ, ಬಕೀಟನ್ನು ದೋಣಿಯ ಹೊಟ್ಟೆಗೆ ಇಳಿಸಿದ, ಓರೆ ಮಾಡಿ ತುಂಬಿಸಿಕೊಂಡ, ತುಂಬಿತು ಅಂತ ನಂಬಿಕೊಂಡ, ಮೆಲ್ಲಗೆ ಎತ್ತಿ ಮೆಟ್ಟಿಲು ಹತ್ತಿ ಅಂಚಿನಾಚೆ ಬಗ್ಗಿಸಿದ, ಏನೂ ಬೀಳಲಿಲ್ಲ. ಮತ್ತೆ ಇಳಿಸಿದ, ಮತ್ತೆ ಎತ್ತಿದ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಯಾರೋ, ಅಯ್ಯೋ ಬರೀ ಬಕೀಟು ಸುರೀತಾ ಅವ್ನಲ್ಲವ್ವಾ, ತಲೆ ಕೆಟ್ಟೈತಾ ಅಂತ ನಗುತ್ತಿದ್ದಾಳೆ, ನಗಲಿ, ಗಾಳಿ ದಡದಿಂದ ಬೀಸುತ್ತಿದೆ, ಅದೊಂದು ಪುಣ್ಯ, ಸುರಿದದ್ದು ಆ ಕಡೆ ಹೋಗುವುದಿಲ್ಲ, ಮೂವತ್ತು, ಮೂವತ್ತೊಂದು, ಬೆನ್ನು ಬಿದ್ದುಹೋಗುತ್ತಿದೆ, ನಲವತ್ತಾದ ಮೇಲೆ ವಾಸನೆ ಇಲ್ಲ ಅನ್ನಿಸಿತು, ಕೂತು ಉಸಿರೆಳೆದ, ಇಲ್ಲ, ಏನೂ ಇಲ್ಲ — ಆಗ ಹೊಳೆಯಿತು, ಇದು ಮೂಗು ಸತ್ತದ್ದು, ಬೆಳಗಿನಿಂದ ಇದರಲ್ಲೇ ಮುಳುಗಿದ ಮೂಗು, ಇದನ್ನು ನಂಬಿ ಒಲೆ ಹೊತ್ತಿಸಲು ಆಗುವುದಿಲ್ಲ, ಇಪ್ಪತ್ತೆಂಟು ವರ್ಷದ ಮೂಗು ಈಗ ಕೆಲಸಕ್ಕೆ ಬಾರದು, ದೂರ ಕೂತ ಹೊಸ ಮೂಗೇ ಬೇಕು. ಕೈ ಬೀಸಿ ಕೂಗಿದ. ರವೀಂದ್ರ ತೆಪ್ಪ ಹುಟ್ಟುಹಾಕಿಕೊಂಡು ಅಕ್ಕನನ್ನು ಕರೆತಂದ, ಹತ್ತೂವರೆ ಮೀರಿ ಎಷ್ಟೋ ಹೊತ್ತಾಗಿತ್ತು, ಸೆರಗಿನ ತುದಿಯಲ್ಲಿ ಗಂಟಿರಲಿಲ್ಲ, ಬೆಂಕಿಪೆಟ್ಟಿಗೆ ದಡದಲ್ಲೇ ಬಿಟ್ಟು ಬಂದಿದ್ದರು, ಯಾರೂ ಹೇಳದೆ. ಅನಸೂಯಮ್ಮ ಮೊಣಕಾಲೂರಿ, ಒಂದು ಕೈಯಿಂದ ಅವನ ಭುಜ ಹಿಡಿದು, ದೋಣಿಯ ಹೊಟ್ಟೆಯೊಳಕ್ಕೆ ತಲೆ ಬಗ್ಗಿಸಿದರು, ಹುಳಿಸಾರು ಹದ ನೋಡುವವರ ಹಾಗೆ ಕಣ್ಣು ಮುಚ್ಚಿ ಎಳೆದರು, ಐತೆ ಕಣಪ್ಪಾ, ಅಂದರು, ಆ ಮೂಲೆ ಕಡೀಕೆ ಇನ್ನೂ ಐತೆ. ಯಾವ ಮೂಲೆ ಅಂತ ಅವನು ಕೇಳಲಿಲ್ಲ. ಬಕೀಟು ಇತ್ಲಾಗೆ ಕೊಡು, ನೀನು ಮೊಗ್ದು ಕೊಡು, ನಾನು ಸುರೀತೀನಿ, ಅಂತ ಅವರು ಮೆಟ್ಟಿಲ ಮೇಲೆ ಕೂತರು, ಇಳಿಸಿದ, ಓರೆ ಮಾಡಿದ, ಎತ್ತಿ ಕೊಟ್ಟ, ಹಾಲು ತುಳುಕದಂತೆ ಹಿಡಿದ ಹಾಗೇ ಎರಡೂ ಕೈಯಲ್ಲಿ ಹಿಡಿದರು, ಅಂಚಿನಾಚೆ ಬಗ್ಗಿಸಿದರು, ಇನ್ನೂ ಐತೆ, ಇಳಿಸಿದ, ಎತ್ತಿದ, ಹಸಿರು ಬಕೀಟು ಬಾಗುತ್ತದೆ, ಏನೂ ಬೀಳುವುದಿಲ್ಲ, ಕೆಳಗೆ ನೀರು ಅಲುಗುವುದಿಲ್ಲ, ಬಕೀಟು ಬಾಗುತ್ತದೆ, ಏನೂ ಬೀಳುವುದಿಲ್ಲ