ಮೇಲಿನ ಕೋಣೆಯ ತಮ್ಮ

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಮಂದಿರಾಗೆ ಇದು ಗೊತ್ತಾಗುವ ಹೊತ್ತಿಗೆ ಅವಳ ಮಂಡಿಯೂ ಸವೆದಿತ್ತು, ಮನಸ್ಸೂ ಸವೆದಿತ್ತು.

ಉತ್ತರ ಕೋಲ್ಕತ್ತದ ಹಳೇ ಮನೆ ಅದು. ಕೆಳಗೆ ಮನೆಯೊಡತಿ ಹೇಮನಲಿನಿ, ವಯಸ್ಸಾದ ಒಂಟಿ ಹೆಂಗಸು. ಮಹಡಿಯಲ್ಲಿ ಬಾಡಿಗೆಗೆ ಮಂದಿರಾ ಮತ್ತು ಅವಳ ಗಂಡ ಪರಿತೋಷ್. ಕಣ್ಣು ಮಂಜಾಗಿ ಪರಿತೋಷ್ ಛಾಪಾಖಾನೆಯ ಕೆಲಸ ಬಿಟ್ಟ. ಸಂಸಾರ ನಡೆಯಬೇಕಲ್ಲ? ಹಿಂದಿನ ಕೋಣೆಯನ್ನು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಬಿಭಾಸ್‌ಗೆ ಒಳಬಾಡಿಗೆಗೆ ಕೊಟ್ಟರು. ಮನೆಯೊಡತಿಯನ್ನು ಒಂದು ಮಾತೂ ಕೇಳಲಿಲ್ಲ.

"ಊರಿಂದ ನನ್ನ ಸೋದರಮಾವನ ಮಗ ಬಂದಿದಾನೆ ದಿದಿ. ನನಗೆ ತಮ್ಮ ಆಗ್ಬೇಕು" ಎಂದಳು ಮಂದಿರಾ. ಹೇಮನಲಿನಿ ನಂಬಿದರು.

ಅಲ್ಲಿಂದ ಶುರುವಾಯಿತು ಫಜೀತಿ. ಬಿಭಾಸ್ ಅವಳನ್ನು ಮನೆಯೊಳಗೆ ಬೌದಿ, ಅಂದರೆ ಅತ್ತಿಗೆ ಎನ್ನುತ್ತಿದ್ದ. ಮೆಟ್ಟಿಲಿಗೆ ಬಂದರೆ ದಿದಿ, ಅಂದರೆ ಅಕ್ಕ ಎನ್ನಬೇಕಿತ್ತು. ಅವನು ಬೇರೆ ಅಡುಗೆ ಮಾಡಿಕೊಳ್ಳುವ ಸ್ಟೌವಿನ ಸದ್ದಾದರೆ ಮಂದಿರಾ ರೇಡಿಯೋ ಜೋರು ಮಾಡುವಳು. ಅವನ ಕೋಣೆಯ ಬೀಗ ಕಾಣದ ಹಾಗೆ ಟವೆಲು ನೇತುಹಾಕುವಳು. "ನಿನ್ನ ಮಾವ ಹೇಗಿದಾರೆ?" ಎಂದು ಹೇಮನಲಿನಿ ಕೇಳಿದಾಗಲೆಲ್ಲ ಇಲ್ಲದ ಮಾವನಿಗೆ ಹೊಸದೊಂದು ಕಾಯಿಲೆ ಬರಿಸಬೇಕಾಗುತ್ತಿತ್ತು. ಒಂದು ಸುಳ್ಳಿಗೆ ಇಷ್ಟು ಚಾಕರಿ.

ಕಾಳಿಪೂಜೆ ಹತ್ತಿರ ಬಂದಾಗ ಬಿಭಾಸ್‌ನ ಕೋಣೆಯ ಸ್ವಿಚ್ಚಿನಲ್ಲಿ ಕಿಡಿ ಹಾರತೊಡಗಿತು.

"ಬೌದಿ, ನಿನ್ನೆ ಕೈ ಜುಂ ಅಂತು. ಯಾರನ್ನಾದ್ರೂ ಕರೆಸಿ ಸರಿ ಮಾಡಿಸಿ."

"ಕರೆಂಟಿನ ಮಿಸ್ತ್ರಿ ಬಂದ್ರೆ ಹಿಂದೇನೇ ಕೆಳಗಿನ ದಿದಿನೂ ಬರ್ತಾರೆ. ಒಲೆ ನೋಡ್ತಾರೆ, ಬೀಗ ನೋಡ್ತಾರೆ. ಹಬ್ಬ ಕಳೀಲಿ ಕಣಪ್ಪ. ಅಲ್ಲೀತನಕ ಚಪ್ಪಲಿ ಹಾಕ್ಕೊಂಡು ಸ್ವಿಚ್ ಒತ್ತು."

"ನಾನೇನು ಪುಕ್ಕಟೆ ಇದೀನಾ ಬೌದಿ?"

ಆ ಮಾತು ಚುರುಕ್ಕೆಂದಿತು. ಮಂದಿರಾ ನೇರ ಪಕ್ಕದ ಮನೆಯ ಶುಕ್ಲಾಳ ಹತ್ತಿರ ಹೋದಳು. ಶುಕ್ಲಾ ಭಾನುವಾರಗಳಲ್ಲಿ ಬಡಾವಣೆಯ ಕ್ಲಬ್ಬಿನ ಉಚಿತ ಕಾನೂನು ಸಲಹಾ ಕೇಂದ್ರದಲ್ಲಿ ಕೂರುವವಳು. ಅವತ್ತು ಮೀನು ತೊಳೆಯುತ್ತಿದ್ದಳು.

"ಸಾಕಾಗಿದೆ ಕಣೇ. ಹಬ್ಬ ಮುಗಿದ ಮಾರನೇ ದಿನ ಬೀಗ ಬದಲಾಯಿಸ್ತೀನಿ. ಆ ಬಿಭಾಸ್‌ನ ಗಂಟುಮೂಟೆ ಹೊರಗಿಡ್ತೀನಿ" ಎಂದಳು ಮಂದಿರಾ.

"ಹಾಗೆಲ್ಲ ಹೊರಗೆ ಹಾಕೋ ಹಾಗಿಲ್ಲ ಮಂದಿರಾ. ನೋಟಿಸು ಕೊಡ್ಬೇಕು, ಕಾಲಾವಕಾಶ ಕೊಡ್ಬೇಕು. ನೀರು, ಕರೆಂಟು ಕಡಿದು ಓಡಿಸೋದೂ ತಪ್ಪು."

"ನೀನೊಬ್ಬಳು! ಮನೆಯೇ ನನ್ನದಲ್ಲ, ನನಗೆಲ್ಲಿಯ ಬಾಡಿಗೆದಾರ?"

"ಮನೆ ನಿನ್ನದಲ್ಲ, ಕೋಣೆ ಕೊಟ್ಟೋಳು ನೀನು. ದಿದಿಗೆ ನೀನು ಬಾಡಿಗೆದಾರಳು, ಬಿಭಾಸ್‌ಗೆ ನೀನೇ ಮನೆಯೊಡತಿ. ಆ ಸ್ವಿಚ್ಚಿಂದ ಅವನಿಗೇನಾದ್ರೂ ಆದ್ರೆ ನಿನ್ನನ್ನೇ ಕೇಳ್ತಾರೆ. ಅವನು ಗೋಡೆ ಒಡೆದ್ರೂ ದಿದಿಗೆ ಉತ್ತರ ಕೊಡ್ಬೇಕಾದೋಳು ನೀನೇ. ಅದೆಲ್ಲ ಹಾಗಿರ್ಲಿ. ದಿದಿ ಬರಹದಲ್ಲಿ ಒಪ್ಪಿಗೆ ಕೊಟ್ಟಿದಾರಾ?"

"ಇಲ್ಲ."

"ಹಾಗಾದ್ರೆ ಅದೊಂದೇ ಕಾರಣ ಸಾಕು, ನಿಮ್ಮನ್ನ ಖಾಲಿ ಮಾಡಿಸೋಕೆ ಅವರು ಕೋರ್ಟಿಗೆ ಹೋಗಬಹುದು. ನಿಮ್ಮ ಜೊತೆ ಆ ಬಿಭಾಸೂ ಬೀದಿಗೆ."

"ಈ ಗಲ್ಲೀಲಿ ಯಾರು ಕೊಟ್ಟಿಲ್ಲ ಹೇಳು? ಪ್ರತಿ ಮನೇಲೂ ಒಬ್ಬ ತಮ್ಮ, ಒಬ್ಬ ಭಾವಮೈದ!"

ಶುಕ್ಲಾ ನಿಟ್ಟುಸಿರು ಬಿಟ್ಟಳು. "ಅದಕ್ಕೇ ಭಾನುವಾರ ನನಗೆ ಉಸಿರಾಡೋಕೆ ಬಿಡುವಿಲ್ಲ. ಎಲ್ಲರೂ ಹಾಲು ಉಕ್ಕಿ ಒಲೆ ಆರಿದ ಮೇಲೇ ಬರ್ತಾರೆ. ಇವತ್ತೇ ಹೋಗಿ ದಿದಿಗೆ ನಿಜ ಹೇಳು."

ಅವತ್ತು ಸಂಜೆ ಮಂದಿರಾ ಮನೆಯ ಮೆಟ್ಟಿಲನ್ನು ಅರ್ಧ ಇಳಿದಳು. ಮಂಡಿ ನೋಯುತ್ತಿತ್ತು, ಕೆಳಗಿನ ಬಾಗಿಲು ಮುಚ್ಚಿತ್ತು. ಅಷ್ಟೇ ನೆಪ ಸಾಕಾಯಿತು. ಹಬ್ಬ ಕಳೆಯಲಿ ಎಂದುಕೊಂಡು ವಾಪಸು ಹತ್ತಿದಳು.

ಕಾಳಿಪೂಜೆ ಕಳೆಯಿತು. ಅದರ ಬೆನ್ನಿಗೇ ಭಾಯ್ ಫೋಟಾ ಬಂತು, ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಗಂಧದ ಬೊಟ್ಟಿಡುವ ದಿನ. ಬೆಳಿಗ್ಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಅಪರೂಪಕ್ಕಷ್ಟೇ ಮಹಡಿ ಹತ್ತುವ ಹೇಮನಲಿನಿ, ಒಂದು ಕೈಯಲ್ಲಿ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು, ಏದುಸಿರು ಬಿಡುತ್ತ ಮೇಲೆ ಬಂದಿದ್ದರು.

"ನನ್ನ ತಮ್ಮಂದಿರೆಲ್ಲ ತೀರಿಹೋದ್ರು ಮಂದಿರಾ. ನಿನ್ನ ತಮ್ಮ ಇದಾನಲ್ಲ. ನೀನಿಟ್ಟ ಮೇಲೆ ನಾನೂ ಒಂದು ಬೊಟ್ಟಿಡ್ತೀನಿ. ನಿನ್ನ ತಮ್ಮ ನನಗೂ ತಮ್ಮನೇ ತಾನೆ?"

ಪರಿತೋಷ್ ಅಕ್ಷರ ಕಾಣದ ಕಣ್ಣಿಗೆ ಪೇಪರು ಅಡ್ಡ ಹಿಡಿದ. ಬಿಭಾಸ್ ದಾರಿ ಕಾಣದೆ ತನ್ನ ಕೋಣೆಯ ಚಾಪೆಯ ಮೇಲೆ ಕೂತ. ಗಂಧ ತೇಯ್ದು, ಗರಿಕೆ, ದೀಪ ಇಟ್ಟು ತಟ್ಟೆ ತಂದದ್ದಾಯಿತು. ಮಂದಿರಾ ಎಡಗೈಯ ಕಿರುಬೆರಳನ್ನು ಗಂಧದಲ್ಲಿ ಅದ್ದಿದಳು. ತಮ್ಮನ ಹತ್ತಿರ ಯಮ ಸುಳಿಯದಿರಲಿ ಎಂದು ಇಡುವ ಬೊಟ್ಟು ಅದು. ಅವನ ತಲೆಯ ಹಿಂದೆ ಗೋಡೆಯಲ್ಲಿ ಆ ಸ್ವಿಚ್ಚಿತ್ತು, ಸುತ್ತ ಮಸಿ ಹಿಡಿದಿತ್ತು. ಚಪ್ಪಲಿ ಹಾಕ್ಕೊಂಡು ಒತ್ತು ಎಂದ ಬಾಯಿಂದ ಈಗ ಯಾವ ಮಂತ್ರ ಹೇಳುವುದು? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೈ ಕೆಳಗಿಳಿಯಿತು.

"ಇವನು ನನ್ನ ತಮ್ಮ ಅಲ್ಲ ದಿದಿ. ಒಳಬಾಡಿಗೆಗೆ ಇಟ್ಕೊಂಡಿದೀನಿ. ಆ ಸ್ವಿಚ್ಚು ಕಿಡಿ ಹಾರುತ್ತೆ. ನಿಮಗೆ ಗೊತ್ತಾಗುತ್ತೆ ಅಂತ ರಿಪೇರಿನೂ ಮಾಡಿಸ್ಲಿಲ್ಲ."

ಹೇಮನಲಿನಿ ಮಸಿ ಹಿಡಿದ ಸ್ವಿಚ್ಚನ್ನೊಮ್ಮೆ ನೋಡಿದರು.

"ನಿನ್ನ ಮಾವ ಹುಷಾರಾಗ್ಲಿ ಅಂತ ಕಾಳಿಗೆ ಹರಕೆ ಹೊತ್ತಿದ್ದೆ ಕಣೇ" ಎಂದರು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಕೋಲೂರಿಕೊಂಡು ಇಳಿದುಹೋದರು.

ಮಾರನೇ ದಿನ ಮಂದಿರಾ ಶುಕ್ಲಾಳನ್ನು ಕರೆದುಕೊಂಡು ಕೆಳಗೆ ಹೋದಳು. ಹೇಮನಲಿನಿ ಕರಗಿರಲಿಲ್ಲ.

"ನನ್ನ ತಲೆ ಮೇಲೆ ಯಾರು ಮಲಗ್ತಾರೆ ಅಂತ ನನಗೆ ಗೊತ್ತಿರಬೇಡ್ವಾ? ಆ ತಂತಿ ಹೊತ್ಕೊಂಡಿದ್ರೆ ಕೆಳಗಿರೋ ನಾನೂ ಬೂದಿ. ಆ ಹುಡುಗನ್ನ ಹೊರಗೆ ಕಳಿಸ್ಬೇಡ. ಅವನ ಕೈಲಿ ಸುಳ್ಳು ಹೇಳಿಸಿದೋಳು ನೀನು. ಮೊದಲು ಮಿಸ್ತ್ರಿನ ಕರೆಸು, ಆಮೇಲೆ ಕಾಗದ."

ಸ್ವಿಚ್ಚು ಬದಲಾಯಿತು. ಶುಕ್ಲಾ ಒಪ್ಪಿಗೆ ಪತ್ರ ಬರೆಸಿದಳು. ಮಂದಿರಾ ಮತ್ತು ಬಿಭಾಸ್ ನಡುವೆ ಬೇರೆ ಕರಾರು ಆಯಿತು. ಬಿಭಾಸ್‌ನ ವಿವರ ಬಾಡಿಗೆ ನಿಯಮದಂತೆ ಪೊಲೀಸ್ ಠಾಣೆಗೆ ಹೋಯಿತು. ಇನ್ನು ಬಾಡಿಗೆಗೆ ರಸೀದಿ ಕೊಡಬೇಕೆಂದೂ ಆಯಿತು. ಇಷ್ಟಕ್ಕೇನಾ ಇಷ್ಟು ದಿನ ಹೆದರಿದ್ದು ಎಂದ ಪರಿತೋಷ್.

ಸಹಿ ಹಾಕಿ ಪೆನ್ನು ಕೆಳಗಿಡುತ್ತ ಹೇಮನಲಿನಿ ಹೇಳಿದರು, "ಕೋಣೆ ಕೊಡೋ ಮುಂಚೆ ಬಂದು ಕೇಳಿದ್ರೆ ಅವತ್ತೇ ಹೂಂ ಅಂತಿದ್ದೆ."

ಈಗ ಬೀಗದ ಮೇಲೆ ಟವೆಲಿಲ್ಲ, ರೇಡಿಯೋ ಮೆಲ್ಲಗೆ ಹಾಡುತ್ತದೆ. ಬಿಭಾಸ್ ಎಲ್ಲಿ ಬೇಕಾದರೂ ಬೌದಿ ಎನ್ನಬಹುದು. ಆದರೆ ಮೆಟ್ಟಿಲ ಬುಡದಲ್ಲಿ ಸಿಕ್ಕಾಗ ಹೇಮನಲಿನಿ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಮಂದಿರಾ ಒಂದು ಗಳಿಗೆ ನಿಂತು ಕಾಯುತ್ತಾಳೆ, ಆಮೇಲೆ ಮಂಡಿ ಹಿಡಿದುಕೊಂಡು ಹತ್ತುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಬಾಡಿಗೆ ಮನೆಯಲ್ಲಿದ್ದು ಇನ್ನೊಬ್ಬರಿಗೆ ಕೋಣೆ ಕೊಡುವವರೇ? ಮೊದಲು ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಂದವರ ಜೊತೆ ಕರಾರು ಮಾಡಿಕೊಳ್ಳಿ, ರಸೀದಿ ಕೊಡಿ. ಅವರ ನೀರು, ಬೆಳಕು, ಜೀವ ನಿಮ್ಮ ಹೊಣೆ ಎಂಬುದನ್ನು ಮರೆಯಬೇಡಿ. ನೀವೇ ಒಳಬಾಡಿಗೆಗೆ ಹೋಗುವವರಾದರೆ ಆ ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಿ, ನಾಚಿಕೊಳ್ಳಬೇಡಿ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ನಿಜ ಹೇಳಲು ಮೆಟ್ಟಿಲು ಇಳಿಯಬೇಕಾದದ್ದು ಒಂದೇ ಸಲ. ಸುಳ್ಳು ಹೊತ್ತರೆ ದಿನಾ ಹತ್ತಿ ಇಳಿಯಬೇಕು. ಇವತ್ತೇ ಇಳಿದು ಹೋಗಿ, ಕೇಳಿ.