ದೋಸ್ತನ ಸೂಜಿ

ಕುರಿಗೆ ಸೂಜಿ ಚುಚ್ಚುವುದರಲ್ಲಿ ಮೆಹಕರ ಊರಿನ ಕುರಿಗಾಹಿ ದತ್ತಾತ್ರಿಯದು ಪಳಗಿದ ಕೈ. ಆದರೆ ಇವತ್ತು ಅವನು ಹಿಡಿದ ಸೂಜಿ ಕುರಿಗಲ್ಲ, ಹೆಂಡತಿಗೆ.

ಭೀಮಬಾಯಿಗೆ ಸ್ತನ ಕ್ಯಾನ್ಸರ್. ಬೀದರಿನಲ್ಲಿ ಕೀಮೋ ನಡೆದಿತ್ತು. ಮೈಯಲ್ಲಿ ರಕ್ತ ಇಳಿದು, ಹೊಸ್ತಿಲು ದಾಟಿದರೆ ಗೋಡೆ ಹಿಡಿಯುತ್ತಿದ್ದಳು. ಚಿದ್ರಿಯಲ್ಲಿದ್ದ ದತ್ತಾತ್ರಿಯ ಗೆಳೆಯ ಕುತುಬೋದ್ದೀನನಿಗೆ ಕಿಡ್ನಿ ಕಾಯಿಲೆ. ರಕ್ತ ಏರಿಸುವ ಹಾರ್ಮೋನ್ ಸೂಜಿಯಿಂದ ಅವನ ಮುಖಕ್ಕೆ ಕಳೆ ಬಂದಿತ್ತು. ದತ್ತಾತ್ರಿ ಅದೇ ಸೂಜಿ ಎರಡು ತಂದಿದ್ದ. ಒಂದನ್ನು ಹೋದ ವಾರ ತನ್ನ ಕೈಯಾರೆ ಅವಳಿಗೆ ಚುಚ್ಚಿದ್ದ, ಇವತ್ತು ಎರಡನೆಯದು. ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಏನ್ರಿ, ಮೊದಲ ಈ ಕಾಲ ತಿಕ್ಕರಿ. ಮೀನಖಂಡ ಭಾಳ ನೋಯ್ತದ," ಎಂದಳು ಭೀಮಬಾಯಿ.

"ಸೂಜಿ ಆಗ್ಲಿ, ಎಣ್ಣಿ ಹಚ್ಚಿ ತಿಕ್ತೀನಿ. ತೋಳ ಚಾಚು."

ಅಷ್ಟರಲ್ಲಿ ಕಾಲುನೋವಿನ ಮಾತು ಕೇಳುತ್ತ ಆಶಾ ಕಾರ್ಯಕರ್ತೆ ಸುಮನ ಒಳಗೆ ಬಂದಳು. "ಕಾಕಾ, ಕೈಯಾಗ ಅದೇನ್ರಿ?"

"ರಕ್ತ ಏರೋ ಸೂಜಿ. ಕಿಡ್ನಿ ಕೆಟ್ಟ ನನ್ನ ದೋಸ್ತ ಇದರ ಮ್ಯಾಲೇ ಕುದರಿ ಹಂಗ ಓಡಾಡ್ತಾನ."

"ಅವರಿಗಿ ಕಿಡ್ನಿ, ಕಾಕುಗ ಕ್ಯಾನ್ಸರ್. ಡಾಕ್ಟರಿಗಿ ಕೇಳಿರೇನು?"

"ಕೇಳೋದೇನದ? ನನ್ನ ಹಿಂಡಿಗೆಲ್ಲ ನಾನೇ ಡಾಕ್ಟರ್!"

"ನಾ ಏನ್ ನಿಮ್ಮ ಕುರಿಯೇನ್ರಿ?" ಭೀಮಬಾಯಿ ನಕ್ಕಳು. ನಗು ಮುಗಿಯುವ ಮೊದಲೇ ಏದುಸಿರು ಬಂತು.

ಸುಮನ ನಗಲಿಲ್ಲ. "ಕಾಕಾ, ಕುರಿ ಕಾಲ ನೋಯಿಸ್ಕೊಂಡ್ರ ಏನ್ ಮಾಡ್ತೀರಿ?"

"ಮೊದಲ ಕಾಲ ನೋಡ್ತೀನಿ. ನೋಡ್ದೆ ಸೂಜಿ ಮುಟ್ಟಂಗಿಲ್ಲ."

"ಹಂಗಾದ್ರ ಕಾಕುಂದೂ ನೋಡ್ರಿ."

ಸೀರೆಯ ಅಂಚು ಸರಿಸಿದ. ಎಡಗಾಲು ಮಾತ್ರ ಬಾತು ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ದತ್ತಾತ್ರಿ ಗಾಬರಿಯಿಂದ ಎಣ್ಣೆ ಬಟ್ಟಲಿಗೆ ಕೈ ಹಾಕಿದ.

"ತಿಕ್ಕಬ್ಯಾಡ್ರಿ! ಒಳಗ ರಕ್ತ ಹೆಪ್ಪುಗಟ್ಟಿದ್ರ ಕಿತ್ತು ಎದಿಗಿ ಹೋಗ್ತದ." ಸುಮನ ಆಗಲೇ ಆಂಬುಲೆನ್ಸಿಗೆಂದು ನೂರೆಂಟಕ್ಕೆ ಫೋನು ಹಚ್ಚಿದ್ದಳು.

ಭಾಲ್ಕಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ ಬೀದರಿಗೆ ಕಳಿಸಿದರು. ದಾರಿಯುದ್ದಕ್ಕೂ ದತ್ತಾತ್ರಿಯ ಬಾಯಲ್ಲಿ ದೇವರ ನಾಮ, ಕಣ್ಣು ಅವಳ ಎದೆಯ ಏರಿಳಿತದ ಮೇಲೆ.

ಬೀದರಿನಲ್ಲಿ ಅವನು ಸೂಜಿಯ ಸಂಗತಿ ಒಪ್ಪಿಕೊಂಡ. ತಪಾಸಣೆ ಮುಗಿಸಿ ವೈದ್ಯೆ ಹೊರಗೆ ಬಂದರು. "ಹೆಪ್ಪು ಕಾಲಾಗೂ ಅದ, ಪುಪ್ಪುಸದಾಗೂ ಅದ. ಔಷಧಿ ಸುರು ಮಾಡೀವಿ. ಈ ಸೂಜಿ ಕ್ಯಾನ್ಸರ್ ಇದ್ದವರಿಗಿ ಹೆಪ್ಪಿನ ಅಪಾಯ ಹೆಚ್ಚಸ್ತದ. ಕೆಲವರಿಗಿ ಗಡ್ಡೀನೂ ಬೆಳೀಬಹುದು."

"ಮತ್ತ ನೀವು ಯಾರಿಗೂ ಕೊಡಂಗಿಲ್ಲೇನ್ರಿ?"

"ಕೆಲವರಿಗಿ ಕೊಡ್ತೀವಿ, ಲಾಭ ಅಪಾಯ ಎರಡೂ ತೂಗಿ, ಮ್ಯಾಲಿಂದ ಮ್ಯಾಲ ರಕ್ತ ನೋಡಿ. ಆದರ ನಿಮ್ಮ ಮನಿಯವರಿಗಿ ಪೂರಾ ಗುಣ ಮಾಡಬೇಕಂತಲೇ ಕೀಮೋ ಕೊಡ್ಲತ್ತೀವಿ. ಅಂಥವರಿಗಿ ಇದು ಕೊಡಂಗಿಲ್ರಿ. ರಕ್ತ ಯಾಕ ಇಳಿದದ ನೋಡಿ, ಬೇಕಾದ್ರ ರಕ್ತಾನೇ ಏರಸ್ತೀವಿ."

ಪೂರಾ ಗುಣ! ಆ ಮಾತು ಕೇಳಿ ದತ್ತಾತ್ರಿ ಜೇಬಿಗೆ ಕೈ ಹಾಕಿದ. ಉಳಿದ ಸೂಜಿಯನ್ನು ವೈದ್ಯೆಯ ಮುಂದಿಟ್ಟ.

ಭೀಮಬಾಯಿ ಉಸಿರಾಟ ಸುಧಾರಿಸಿ ಮನೆಗೆ ಬಂದ ದಿನ ಗಂಡನಿಗೆ ಹೇಳಿದಳು: "ಇನ್ನ ಮ್ಯಾಲ ಕುರಿಗಷ್ಟೇ ನೀವು ಡಾಕ್ಟರ್!"

ಕೇಳಿದಿರಲ್ಲ, ಅಕ್ಕ-ಅಣ್ಣಂದಿರೆ. ಪ್ರೀತಿಯ ಕೈಯಾದರೂ ಅರಿಯದೆ ಚುಚ್ಚಿದರೆ ಆಪತ್ತೇ. ಕ್ಯಾನ್ಸರ್ ಇದ್ದವರಿಗೆ ರಕ್ತ ಕಡಿಮೆಯಾದರೆ ಅವರ ಕ್ಯಾನ್ಸರ್ ವೈದ್ಯರನ್ನೇ ಕೇಳಿ. ವೈದ್ಯರೇ ಈ ಸೂಜಿ ಬರೆದಿದ್ದರೆ ನೀವಾಗಿ ಬಿಡಲೂಬೇಡಿ. ಒಂದು ಕಾಲು ಬಾತರೆ, ಎದೆ ನೋವು, ಏದುಸಿರು ಬಂದರೆ ಕಾಲು ತಿಕ್ಕುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.