ಹಗ್ಗ ಬಿಚ್ಚಿದ ಮೇಲೆ

ಅವಳು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಇಬ್ಬರ ಕೆಲಸ. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಶೀಟನ್ನು ಎರಡು ತುದಿಯಲ್ಲಿ ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಒಬ್ಬಳು ಅವಸರ ಮಾಡಿದರೆ ಇನ್ನೊಬ್ಬಳ ಕೈಯಿಂದ ಜಾರುತ್ತದೆ. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗುತ್ತದೆ. ಮಡಚುವವರು ಮುಖ ನೋಡಿಕೊಳ್ಳುವುದಿಲ್ಲ. ಎದುರಿನವಳು ಎಲ್ಲಿದ್ದಾಳೆ, ಇವತ್ತು ಅವಳಿಗೆ ಸೊಂಟನೋವಿದೆಯೇ ಎಂಬುದೆಲ್ಲ ಬಟ್ಟೆಯ ಎಳೆತದಲ್ಲೇ ತಿಳಿಯುತ್ತದೆ. ಅವಳು ಇದನ್ನು ಮದುವೆಗೆ ಮೊದಲಿನಿಂದಲೂ ಮಾಡುತ್ತಿದ್ದಳು. ಗಂಡನ ಜೊತೆ ಓಡಲು ಅವಳಿಗಿದ್ದ ತರಬೇತಿ ಅಷ್ಟೇ.

ಗಂಡ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದವನು. ಕಣ್ಣು ಅಂಚಿನಿಂದ ಹೋಗುತ್ತ ಬಂತು. ಮೊದಲು ಬಾಗಿಲಿನ ಚೌಕಟ್ಟಿಗೆ ಭುಜ ತಾಗಿತು, ಆಮೇಲೆ ತಟ್ಟೆಯ ಪಕ್ಕದಲ್ಲಿಟ್ಟ ಲೋಟ ಉರುಳತೊಡಗಿತು. ಇನ್ನು ಮೇಲೆ ಕೊಳವೆಯೊಳಗಿಂದ ನೋಡಿದ ಹಾಗಾಗುತ್ತದೆ, ಕೊನೆಗೆ ಕೊಳವೆಯೂ ಮುಚ್ಚುತ್ತದೆ ಎಂದರು ಡಾಕ್ಟರು. ಮಾಲೀಕ ಅವನನ್ನು ಲೇತ್‌ನಿಂದ ಎಬ್ಬಿಸಿ, ಬೋಲ್ಟು ನಟ್ಟುಗಳನ್ನು ಡಬ್ಬಿಗೆ ತುಂಬುವ ಜಾಗದಲ್ಲಿ ಕೂರಿಸಿದ. ಮನೆಗೆ ಬಂದರೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಊಟಕ್ಕೆ ಕರೆದರೆ ಬೇಡ ಅನ್ನುತ್ತಿದ್ದ. ಬೇಡ ಅಂದರೆ ಇನ್ನೊಂದು ಸಲ ಕರಿ ಎಂದರ್ಥ. ಕರೆಯದಿದ್ದರೆ ಎರಡು ದಿನ ಮಾತಿಲ್ಲ. ಇದಕ್ಕೂ ಕಣ್ಣಿಗೂ ಸಂಬಂಧವಿರಲಿಲ್ಲ, ಕಣ್ಣು ಚೆನ್ನಾಗಿದ್ದಾಗಲೂ ಅವನು ಹಾಗೆಯೇ ಇದ್ದ.

ಒಂದು ಬೆಳಿಗ್ಗೆ ಅವಳು ಹೊದಿಕೆ ಎಳೆದಳು. “ಏಳಿ. ಗೋಡೆ ನೋಡಿದ್ದು ಸಾಕು.”

“ಕಾಣೋದೇ ಗೋಡೆ. ಇನ್ನೇನು ನೋಡ್ಲಿ?”

“ನೋಡೋದು ಬೇಡ, ನಡೆಯೋಣ ಬನ್ನಿ. ನಾನು ನೋಡ್ತೀನಿ.”

ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಅವನು ಮೈದಾನದ ಸುತ್ತ ನಡೆದ. ಕೆಲವು ವಾರ ಕಳೆದ ಮೇಲೆ, ತಾನು ಮೊದಲೆಲ್ಲ ಓಡುತ್ತಿದ್ದೆ ಎಂದ. ಸುಳ್ಳೋ ನಿಜವೋ, ಅವಳು ಸರಿ ಅಂದಳು. ಕೈಹಿಡಿದು ಓಡಲು ಹೋಗಿ ಇಬ್ಬರೂ ಮುಗ್ಗರಿಸಿದರು. ಮೈದಾನದಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರಿದ್ದರು. ನಿವೃತ್ತಿಯಾದರೂ ಕೊರಳಿಂದ ಸೀಟಿ ತೆಗೆದಿರಲಿಲ್ಲವಾದ್ದರಿಂದ ಎಲ್ಲರಿಗೂ ಸೀಟಿ ಮೇಷ್ಟ್ರು. ಅವರು ಬಂದು, ಮೊಳದುದ್ದದ ಹಗ್ಗದ ಎರಡು ತುದಿಗೂ ಕುಣಿಕೆ ಹಾಕಿ ಒಂದನ್ನು ಅವನ ಮಣಿಕಟ್ಟಿಗೆ, ಇನ್ನೊಂದನ್ನು ಅವಳ ಮಣಿಕಟ್ಟಿಗೆ ಸಿಕ್ಕಿಸಿದರು.

“ನೋಡಮ್ಮಾ, ನೀನು ಎಳೀಬಾರ್ದು. ಅವನಿಗಿಂತ ಮುಂದೆ ಹೋಗ್ಬಾರ್ದು. ಓಟ ಮುಗಿಯೋ ಗೆರೆ ದಾಟೋವಾಗ ಅವನೇ ಮುಂದೆ. ಇನ್ನೊಂದು, ಹಗ್ಗ ಕಟ್ಟಿದ ಮೇಲೆ ಸಂಸಾರ ಇಲ್ಲ. ನಿಲ್ಲು ಅಂದ್ರೆ ನಿಲ್ಲು, ಹೋಗು ಅಂದ್ರೆ ಹೋಗು. ಯಾಕೆ, ಏನು, ಮುನಿಸು, ಅದೆಲ್ಲ ಮನೇಲಿ ಇಟ್ಕೊಳ್ಳಿ. ಇಲ್ಲಿ ಹೇಳಿದ್ದು ಹೇಳಿದಷ್ಟೇ.”

ನಡೆಯಲು ಬಂದ ಗೆಳೆಯರು ಬಿಡುತ್ತಾರೆಯೇ? “ಮದುವೆ ಆಗಿದ್ದು ಸಾಲ್ದು ಅಂತ ಹಗ್ಗ ಬೇರೆ ಕಟ್ಟಿದೀಯೇನೋ!”

“ಬಿಟ್ರೆ ಓಡ್ಹೋಗ್ತಾಳೆ ಕಣ್ರೋ” ಎಂದ ಅವನು. ಎಷ್ಟೋ ತಿಂಗಳ ಮೇಲೆ ಅವನು ಮಾಡಿದ ಮೊದಲ ತಮಾಷೆ. ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೊದಲು ಒಂದೇ ಸುತ್ತು. ಅದಕ್ಕೇ ಅವನು ಬಗ್ಗಿ ಕೆಮ್ಮಿದ. ಆಮೇಲೆ ಸುತ್ತುಗಳು ಹೆಚ್ಚಾದವು, ಮೈದಾನ ಸಾಲದಾಯಿತು, ಗೇಟು ದಾಟಿ ರಸ್ತೆಗೆ ಬಂದರು. ಓಡುವಷ್ಟು ಹೊತ್ತೂ ಅವಳು ಮಾತಾಡುತ್ತಿದ್ದಳು. ಮುಂದೆ ಗುಂಡಿ, ಬಲಕ್ಕೆ ಬನ್ನಿ. ನಾಯಿ ಮಲಗಿದೆ, ಏಳೋ ಜಾತಿ ಅಲ್ಲ. ಪೇಂಟ್ ಅಂಗಡಿಯವನು ಶಟರ್ ಎತ್ತುತ್ತಿದ್ದಾನೆ, ಪ್ಯಾಂಟ್ ಜಾರುತ್ತಿದೆ, ಯಾವುದನ್ನು ಹಿಡಿಯಬೇಕೋ ಗೊತ್ತಾಗುತ್ತಿಲ್ಲ. ಅವನು ಏದುಸಿರಿನಲ್ಲೇ ನಗುತ್ತಿದ್ದ. ಮನೆಯಲ್ಲಿ ಒಂದು ವಾರಕ್ಕೆ ಆಡುವಷ್ಟು ಮಾತನ್ನು ಹಗ್ಗದಲ್ಲಿ ಒಂದು ಬೆಳಿಗ್ಗೆ ಆಡುತ್ತಿದ್ದರು. ಹತ್ತು ಕಿಲೋಮೀಟರಿನ ಓಟ ಮುಗಿಸಿದ ದಿನ ಅವನು ಪದಕವನ್ನು ಹಲ್ಲಿನಲ್ಲಿ ಕಚ್ಚಿ, “ತಗಡು” ಎಂದು ಘೋಷಿಸಿ, ಅದನ್ನೇ ಹಾಕಿಕೊಂಡು ಮಲಗಿದ. ಮುಂದಿನ ವರ್ಷ ಅರ್ಧ ಮ್ಯಾರಥಾನ್ ಆಯಿತು. ಅಷ್ಟರಲ್ಲಿ ಕೊಳವೆ ಪೂರ್ತಿ ಮುಚ್ಚಿತ್ತು. ಅವನು ಅದನ್ನು ಹೇಳಿದ್ದೂ ಓಡುವಾಗಲೇ, “ಇವತ್ತು ಬೀದಿದೀಪ ಉರೀತಿದೆಯಾ?” ಎಂದು ಕೇಳಿ. ಉರಿಯುತ್ತಿತ್ತು. ಅವಳು ಹೂಂ ಅಂದಳು. ಇಬ್ಬರೂ ನಿಲ್ಲಲಿಲ್ಲ.

ತನ್ನ ಮೈಯ ವಿಷಯ ಅವಳಿಗೆ ತಡವಾಗಿ ತಿಳಿಯಿತು. ಅವನಿಗೆ ಜ್ವರ ಬಂದ ಒಂದು ದಿನ ಅಭ್ಯಾಸಬಲದಿಂದ ಒಬ್ಬಳೇ ಮೈದಾನಕ್ಕೆ ಹೋದಳು. ಬಸ್ಸು ಹಿಡಿಯಲು ಓಡಿದ್ದು ಬಿಟ್ಟರೆ ಅವಳು ಒಬ್ಬಳೇ ಓಡಿದ್ದೇ ಇಲ್ಲ. ಬಲಗೈ ಖಾಲಿಯಾಗಿತ್ತು. ಎರಡು ಸುತ್ತಿನ ನಂತರ ಕಾಲು ತಾನೇ ಬೇಗ ಬಿತ್ತು. ಅವಳು ತಡೆಯಲಿಲ್ಲ. ಮುಗಿದ ಮೇಲೂ ಕಾಲು ಇನ್ನೊಂದು ಸುತ್ತು ಕೇಳುತ್ತಿತ್ತು.

ಸೀಟಿ ಮೇಷ್ಟ್ರು ಬೇಲಿಯ ಹತ್ತಿರ ನಿಂತು ನೋಡಿದ್ದರು. “ಎರಡು ವರ್ಷದಿಂದ ನೀನು ಅವನ ಜೊತೆ ಓಡ್ತಾ ಇಲ್ಲಮ್ಮಾ. ಕಾಯ್ತಾ ಇದೀಯ.”

“ಅವರ ಮುಂದೆ ಹೇಳ್ಬೇಡಿ ಸಾರ್.”

“ನಾನ್ಯಾಕೆ ಹೇಳ್ಲಿ? ಅವನಿಗೆ ಕಿವಿ ಇಲ್ವಾ?”

ಮನೆಯಲ್ಲಿ ಅವನು ಕೇಳಿದ, “ಓಡಿದ್ಯಾ?”

“ಇಲ್ಲ, ಸುಮ್ನೆ ನಡೆದು ಬಂದೆ.”

ಪೂರ್ತಿ ಮ್ಯಾರಥಾನಿಗೆ ಹೆಸರು ಕೊಟ್ಟದ್ದು ಅವನೇ. ಅವನ ಎದೆಯ ಮೇಲೆ ನಂಬರು. ಅವಳ ಕಿತ್ತಳೆ ಬಣ್ಣದ ಅಂಗಿಯ ಮೇಲೆ ‘ಗೈಡ್’ ಎಂದಷ್ಟೇ ಬರೆದಿತ್ತು. ಅರ್ಧ ದಾರಿಯವರೆಗೆ ಎಲ್ಲ ಚೆನ್ನಾಗಿತ್ತು. ಬಿಸಿಲೇರಿತು. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಅವನು ಪಾದ ಎಳೆಯತೊಡಗಿದ. ಹಗ್ಗ ಹಿಂದಕ್ಕೆ ಜಗ್ಗಿತು. ಅವಳು ನಿಧಾನ ಮಾಡಿದಳು. ಮತ್ತೆ ಜಗ್ಗಿತು, ಇನ್ನೂ ನಿಧಾನ ಮಾಡಿದಳು. ಅವಳ ಮಾತು ನಿಂತಿಲ್ಲ, ಉಸಿರು ಏರಿಲ್ಲ. ಅವನಿಗೆ ಅದು ಕೇಳಿಸುತ್ತಿತ್ತು.

ಇನ್ನು ಏಳು ಕಿಲೋಮೀಟರ್ ಇದೆ ಅನ್ನುವಾಗ ಅವನ ಮೀನಖಂಡ ಗಂಟು ಕಟ್ಟಿತು. ನೀರು ಹಂಚುವ ಮೇಜಿನ ಪಕ್ಕದ ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತ. ಅವಳು ಕಾಲು ನೀವಿದಳು, ನೀರು ಸುರಿದಳು. ನೀರು ಹಂಚುವ ಹುಡುಗಿ ಗಾಡಿ ಕರೆಸಲು ಫೋನ್ ಮಾಡಿದಳು. ಪಕ್ಕದಲ್ಲಿ ಜನ ಓಡಿ ಹೋಗುತ್ತಲೇ ಇದ್ದರು. ಅವಳು ಅವರನ್ನು ನೋಡುತ್ತಿದ್ದಳು. ನೀವುವ ಕೈ ಒಂದು ಗಳಿಗೆ ನಿಂತಿತು.

ಅವನು ಹಲ್ಲಿನಿಂದ ಕುಣಿಕೆ ಸಡಿಲಿಸಿ ಕೈ ಹೊರಗೆಳೆದುಕೊಂಡ. “ಹೋಗು.”

“ಏನು ಮಾತು ಅಂತ ಆಡ್ತೀರಿ!”

“ನಿಂಗೆ ಓಡ್ಬೇಕು, ನಂಗೊತ್ತು. ಹೋಗು ಅಂದೆನಲ್ಲ, ಹೋಗು.”

ಅವನ ಮುಖ ಅವಳಿಗೆ ಗೊತ್ತಿಲ್ಲದ್ದಲ್ಲ. ಗೋಡೆಯ ಕಡೆ ತಿರುಗಿ ಮಲಗುವ, ಇನ್ನೊಂದು ಸಲ ಕರಿ ಅನ್ನುವ ಮುಖ. ಇದು ಓಟ, ಇಲ್ಲಿ ಹೇಳಿದ್ದು ಹೇಳಿದಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾಗಿ ಬಂತು. ಹೇಳಿಕೊಂಡು, ಎದ್ದು, ಓಡಿದಳು.

ಹಾಗೆ ಅವಳು ಎಂದೂ ಓಡಿರಲಿಲ್ಲ. ಮುಂದಿದ್ದವರ ಬೆನ್ನುಗಳು ಒಂದೊಂದಾಗಿ ಹತ್ತಿರ ಬಂದು, ಪಕ್ಕಕ್ಕಾಗಿ, ಹಿಂದಾದವು. ಯಾರಿಗೂ ಗುಂಡಿಯ ಸುದ್ದಿ ಹೇಳಬೇಕಿರಲಿಲ್ಲ. ಬಾಯಿ ಬರೀ ಗಾಳಿ ಎಳೆದುಕೊಳ್ಳುತ್ತಿತ್ತು. ನೋವಿತ್ತು, ನೋವೂ ಅವಳೊಬ್ಬಳದೇ ಆಗಿತ್ತು. ಸುಖ ಎಂಬ ಮಾತನ್ನು ಅವಳು ಆಮೇಲೆ ಯಾರ ಮುಂದೆಯೂ ಆಡಲಿಲ್ಲ. ಆದರೆ ಅದು ಅದೇ.

ಗೆರೆ ದಾಟಿದಾಗ ಪದಕ ಹಿಡಿದು ನಿಂತಿದ್ದವಳು ಅವಳ ಅಂಗಿಯನ್ನು ಓದಿದಳು, ಹಿಂದೆ ಇಣುಕಿದಳು. “ಗೈಡ್ ಅಲ್ವಾ ನೀವು? ನಿಮ್ಮವರೆಲ್ಲಿ?”

“ಹಿಂದೆ ಇದ್ದಾರೆ.”

“ಹಿಂದೆ ಅಂದ್ರೆ?”

ಗೈಡಿಗೆ ನಂಬರಿಲ್ಲ, ಹಾಗಾಗಿ ಅವಳು ಓಡಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಗಾಡಿಯಲ್ಲಿ ಬಂದ ಅವನನ್ನು ಚಿಕಿತ್ಸೆಯ ಡೇರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಕಾಲಿಗೆ ಐಸ್ ಕಟ್ಟಿದ್ದರು. ಅವಳು ಇನ್ನೂ ಮಾತಾಡಿರಲಿಲ್ಲ, ಅವನೇ ಕೇಳಿದ.

“ಮುಗಿಸಿದ್ಯಾ?”

“ಹೂಂ.”

“ಸುಸ್ತಾಯ್ತಾ?”

“ಹೂಂ.”

“ಒಳ್ಳೇದು. ಇವತ್ತಾದ್ರೂ ಆಯ್ತಲ್ಲ.”

“ನೀವೇ ಅಲ್ವಾ ಹೋಗು ಅಂದಿದ್ದು? ಓಡೋವಾಗ ಹೇಳಿದ್ದು ಹೇಳಿದಷ್ಟೇ ಅಂತ...”

“ಹಗ್ಗ ಬಿಚ್ಚಿದ ಮೇಲೆ ಹೇಳಿದ್ದು ಕಣೇ ಅದು.”

ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಏನಾದರೂ ಮಾಡಲು ಬರುತ್ತಿತ್ತು.

“ನೀನು ಹೋದದ್ದಕ್ಕೆ ಅಲ್ಲ. ಹೋಗು ಅಂದವನು ನಾನೇ. ನಿನ್ನ ಕಾಲು ಕೇಳಿಸ್ತಿತ್ತು. ಈಗ ವಾಪಸ್ ಬರ್ತಾಳೆ, ಈಗ ಬರ್ತಾಳೆ ಅಂತ ಕೇಳಿಸ್ಕೊಂಡೆ. ಅದು ಬೇಗ ಆಯ್ತು. ಇನ್ನೂ ಬೇಗ ಆಯ್ತು. ಆ ಕಾಲು ಯಾರದು ಅಂತಾನೇ ನಂಗೆ ಗೊತ್ತಾಗ್ಲಿಲ್ಲ.” ಅವನು ಐಸ್ ಚೀಲವನ್ನು ಸರಿಮಾಡಿಕೊಂಡ. “ಇಷ್ಟು ದಿನ ಇಬ್ರೂ ಓಡ್ತಿದೀವಿ ಅಂದ್ಕೊಂಡಿದ್ದೆ ನಾನು.”

ಮನೆಯಲ್ಲಿ ಜಗಳವಾಗಲಿಲ್ಲ. ಅವನು ಊಟಕ್ಕೆ ಒಂದೇ ಕರೆಗೆ ಬರತೊಡಗಿದ. ಬೇಡ ಅಂದರೆ ನಿಜವಾಗಿ ಬೇಡವೇ ಆಗಿರುತ್ತಿತ್ತು. ಅವಳು ಎರಡನೇ ಸಲ ಕರೆದರೆ, “ಹೇಳಿದೆನಲ್ಲ” ಎಂದು ಮೆತ್ತಗೆ ಹೇಳುತ್ತಿದ್ದ, ಹೊರಗಿನವರ ಜೊತೆ ಮಾತಾಡುವ ಹಾಗೆ.

ಲಾಂಡ್ರಿಯಲ್ಲಿ ಅವಳೆದುರು ಶೀಟು ಹಿಡಿಯುವ ದಪ್ಪಕ್ಕನಿಗೆ ಎಳೆತದಲ್ಲೇ ತಿಳಿಯಿತು. “ಏನೇ, ಗಂಡ ಇನ್ನೂ ಮುನಿಸಾ? ತಪ್ಪಾಯ್ತು ಅನ್ನು, ಮುಗೀತು.”

“ಅಂದೆ ಅಕ್ಕಾ.”

“ಏನಂದ?”

“ಪರವಾಗಿಲ್ಲ ಅಂದ್ರು.”

ದಪ್ಪಕ್ಕ ಶೀಟಿನ ಮೂಲೆ ಹಿಡಿದು ಹಾಗೇ ನಿಂತಳು. “ಅಯ್ಯೋ. ಬೈದಿದ್ರೆ ಚೆನ್ನಾಗಿತ್ತು.”

ಕಾಲು ಸರಿಹೋದ ಮೇಲೆ ಅವನು ಸೀಟಿ ಮೇಷ್ಟ್ರನ್ನು ತಾನೇ ಕೇಳಿ ಬೇರೆ ಗೈಡ್ ಗೊತ್ತುಮಾಡಿಕೊಂಡ. ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಒಳ್ಳೆಯವನು, ಓಟದಲ್ಲಿ ಇವನಷ್ಟೇ ವೇಗ. “ನೀನು ನಿನ್ನ ಪಾಡಿಗೆ ಓಡು. ಚೆನ್ನಾಗಿ ಓಡ್ತೀಯ” ಎಂದ ಅವಳಿಗೆ. ಅದರಲ್ಲಿ ಕೊಂಕಿರಲಿಲ್ಲ. ಅವಳು ಕೊಂಕು ಹುಡುಕಿದಳು, ಸಿಗಲಿಲ್ಲ.

ಬೆಳಿಗ್ಗೆ ಈಗಲೂ ಇಬ್ಬರೂ ಒಟ್ಟಿಗೇ ಹೊರಡುತ್ತಾರೆ. ಮೈದಾನದ ಗೇಟಿನವರೆಗೆ ಅವನ ಕೈ ಅವಳ ಭುಜದ ಮೇಲಿರುತ್ತದೆ. ಗೇಟಿನಲ್ಲಿ ಬ್ಯಾಂಕಿನವನು ಹಗ್ಗ ಹಿಡಿದು ಕಾಯುತ್ತಿರುತ್ತಾನೆ. ಅವಳು ಹೆಸರು ಕೊಟ್ಟಿರುವುದು ಮ್ಯಾರಥಾನಿಗಿಂತ ಉದ್ದದ, ಒಂದು ಹಗಲು ಪೂರ್ತಿ ಓಡುವ ಓಟಕ್ಕೆ. ಅದಕ್ಕಾಗಿ ಮೈದಾನದಲ್ಲಿ ಸುತ್ತು ಹಾಕುತ್ತಲೇ ಇರಬೇಕು. ಹಾಗಾಗಿ ಒಂದು ಬೆಳಿಗ್ಗೆಯಲ್ಲಿ ಅವರಿಬ್ಬರನ್ನು ಹಲವು ಸಲ ದಾಟುವುದು ಅನಿವಾರ್ಯ. ಅವಳು ಬೇರೆ ಹೊತ್ತಿಗೆ ಬರಲು ಯೋಚಿಸಿದಳು. ಲಾಂಡ್ರಿಯ ಪಾಳಿ ಬಿಡುವುದಿಲ್ಲ.

ಮೊದಲ ದಿನ ಅವಳು ಹಿಂದಿನಿಂದ ಬರುತ್ತಿದ್ದಾಗ ಬ್ಯಾಂಕಿನವನು ವರದಿ ಒಪ್ಪಿಸುತ್ತಿದ್ದ. ಅವನು ಕಂಡದ್ದನ್ನೆಲ್ಲ ಹೇಳುವುದಿಲ್ಲ, ಬೇಕಾದಷ್ಟೇ ಹೇಳುತ್ತಾನೆ.

“ಹಿಂದಿನಿಂದ ಯಾರೋ ಜೋರಾಗಿ ಬರ್ತಿದ್ದಾರೆ” ಎಂದ.

“ಗೊತ್ತು” ಎಂದ ಗಂಡ. ಉಸಿರು ಕೆಡದ ಹಾಗೆ ಒಂದು ಹೆಜ್ಜೆ ಎಡಕ್ಕೆ ಸರಿದು, ಬ್ಯಾಂಕಿನವನನ್ನೂ ಜೊತೆಗೆ ಸರಿಸಿಕೊಂಡು, ಅವಳಿಗೆ ದಾರಿ ಬಿಟ್ಟ.